ಹತ್ತಿ ಕಚ್ಚಿಕೊಂಡ ಒಂದು ಗಂಟೆ

ಉಗುಳಬೇಡಿ ಅಂದೆನಲ್ಲ… ರೀ, ನುಂಗಿ. ರಕ್ತ ಅನ್ಸುತ್ತೆ, ಮುಕ್ಕಾಲು ಎಂಜಲೇ ಅದು. ಉಗುಳಿದ್ರೆ ಹೆಪ್ಪುಗಟ್ಟಿದ್ದು ಕಿತ್ಕೊಂಡು ಬರುತ್ತಂತೆ, ಆಮೇಲೆ ಹಲ್ಲು ಕಿತ್ತ ಗುಳಿ ಬರಿದಾಗಿ ನೋವು ತಲೆಗೇರುತ್ತಂತೆ. ಡಾಕ್ಟರು ಎರಡೆರಡು ಸಲ ಹೇಳಿದ್ರು. ಹತ್ತಿ ಗಟ್ಟಿಯಾಗಿ ಕಚ್ಕೊಳ್ಳಿ. ಗಡಿಯಾರ ನೋಡ್ಬೇಡಿ, ಇನ್ನೂ ಹೊತ್ತಿದೆ.

ಇನ್ನೊಂದು ದಿಂಬು ಇಡ್ಲಾ? ತಲೆ ಎತ್ತರದಲ್ಲಿರ್ಬೇಕು ಅಂತ ಈ ಚೀಟೀಲಿ ಬರ್ದಿದ್ದಾರೆ. ಓದ್ತೀನಿ ಕೇಳಿ. ಇವತ್ತು ಬಿಸಿದು ಏನೂ ಬೇಡ, ತಣ್ಣಗಿನ ಹಾಲು. ಕೊಳವೆ ಹಾಕ್ಕೊಂಡು ಹೀರ್ಬಾರ್ದು. ಕೆನ್ನೆ ಮೇಲೆ ಐಸು, ಹತ್ತು ನಿಮಿಷ ಇಟ್ಟು, ಹತ್ತು ನಿಮಿಷ ಬಿಟ್ಟು. ನಾಳೆಯಿಂದ ಉಗುರುಬೆಚ್ಚಗಿನ ಉಪ್ಪುನೀರು. ಜೋರಾಗಿ ಮುಕ್ಕಳಿಸೋದಲ್ಲ, ಬಾಯಲ್ಲಿ ಸುಮ್ನೆ ಆಚೆ ಈಚೆ ಹೊರಳ್ಸಿ ಬಿಟ್ಬಿಡೋದು. ಹೊಗೆಸೊಪ್ಪು… ಅದು ನಿಮಗಲ್ಲ ಬಿಡಿ. ಒಂದು ದಿನ ಬಾಯಿಗೆ ಹಾಕ್ದವರಲ್ಲ ನೀವು. ಅದೇ ನಂಗೆ…

ಏನಿಲ್ಲ. ಏನೋ ಅನ್ನೋಕೆ ಹೋದೆ.

ಯಾಕ್ ನಗ್ತೀರಿ? ನಗ್ಬೇಡಿ, ಹೊಲಿಗೆ ಬಿಚ್ಕೊಳ್ಳುತ್ತೆ. ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ಎದುರುತ್ತರ ಇಲ್ದೆ ನಿನ್ನ ಮಾತು ಕೇಳ್ತಿದ್ದೀನಿ ಅಂತಾನಾ? ಸುಳ್ಳು. ಅಂಗಡೀಲೂ ಹಿಂಗೇ ತಾನೆ ಇರ್ತಿದ್ರಿ. ಸೋಫಾಗೆ ಬಟ್ಟೆ ಹೊಡೀವಾಗ ಬಾಯಿ ತುಂಬ ಮೊಳೆ. ಒಂದೊಂದನ್ನೇ ನಾಲಿಗೇಲಿ ತುಟಿಗೆ ತಳ್ಳೋದು, ತೆಗೆದು ಟಕ್ ಅನ್ಸೋದು. ಯಾವಾಗ ಆಗುತ್ತೆ ಅಂತ ಯಾರಾದ್ರೂ ಕೇಳಿದ್ರೆ ಎರಡು ಬೆರಳು ತೋರ್ಸೋದು. ಅದು ಎರಡು ದಿನವೋ ಎರಡು ವಾರವೋ ಅಂತ ನಾನು ಒಳಗಿಂದ ಬಂದು ಹೇಳ್ಬೇಕಿತ್ತು. ಮೊಳೆ ತಟ್ಟೇಲಿಟ್ಕೊಳ್ಳಿ ಅಂತ ಎಷ್ಟು ಬಾಯಿ ಬಡ್ಕೊಂಡೆ.

ಅದಕ್ಕೇ ಕೆನ್ನೆ ಒಳಗೆ ಹುಣ್ಣಾದಾಗ ಮೊಳೆ ತರಚಿದ್ದು ಅಂದ್ಕೊಂಡೆ. ಯಾರಾದ್ರೂ ಹಂಗೇ ಅಂದ್ಕೋತಾರೆ ಅಲ್ವಾ? ಲವಂಗದೆಣ್ಣೆ ಹಚ್ಚಿದೆ, ಜೇನುತುಪ್ಪ ಹಚ್ಚಿದೆ. ಡಾಕ್ಟರ ಹತ್ರ ಹೋಗಿ ಬರ್ಲಾ ಅಂತ ನೀವು ಎರಡು ಸಲ ಕೇಳಿದ್ರಿ. ಇಷ್ಟಕ್ಕೆಲ್ಲ ಡಾಕ್ಟರಾ ಅಂತ ನಾನೇ… ಎಂಟು ತಿಂಗಳು, ರೀ.

ಹಂಗೆ ನೋಡ್ಬೇಡಿ. ಹೋದ ವಾರ ಅದರ ಚೂರು ತೆಗೆದು ಪರೀಕ್ಷೆಗೆ ಕಳ್ಸಿದ್ರಲ್ಲ, ಏನೂ ಇಲ್ಲವಂತೆ. ಬರೀ ಹುಣ್ಣಂತೆ. ಇವತ್ತು ನನ್ನೊಬ್ಬಳನ್ನೇ ಒಳಗೆ ಕರೆದಿದ್ದು ಈ ಉಪ್ಪುನೀರಿನ ವಿಷಯ ಹೇಳೋಕೆ. ಅಷ್ಟು ಹೊತ್ತು ಯಾಕಾಯ್ತು ಅಂದ್ರೆ… ನನ್ನ ತಲೆ ಮಂದ, ಹೇಳಿದ್ದೇ ಹೇಳಿಸ್ಕೊಂಡೆ.

ಏನು, ಪೆನ್ಸಿಲ್ಲಾ? ತಗೊಳ್ಳಿ, ಬರೀರಿ. "ಗಟ್ಟಿ ಹಲ್ಲು ಯಾಕೆ ಕಿತ್ರು?"

ಗಟ್ಟಿ ಎಲ್ಲಿತ್ತು? ಮೇಲೆ ನೋಡೋಕೆ ಗಟ್ಟಿ, ಬುಡ ಕೊಳೆತಿತ್ತಂತೆ. ನಾಲ್ಕೂ. ನಿಮ್ಮ ಅಂಗಡಿಗೆ ಬರೋ ಹಳೇ ಕುರ್ಚಿ ಥರ. ಬಟ್ಟೆ ಹೊಸದು, ಕಿತ್ತು ನೋಡಿದ್ರೆ ಮರಕ್ಕೆಲ್ಲ ಹುಳ ಅಂತ ನೀವೇ ಅಂತಿದ್ರಲ್ಲ. ಮರದ ಮೇಲೆ ಬೆರಳಾಡ್ಸಿ ಮೊಳೆ ತೂತು ಎಣ್ಸಿ, ಇದಕ್ಕೆ ಮೂರು ಸಲ ಬಟ್ಟೆ ಹೊಡೆದಿದ್ದಾರೆ, ಮೊದಲ್ನೇದು ಚರ್ಮ ಅಂತ ಹೇಳ್ಬಿಡ್ತಿದ್ರಿ. ಮಾರೋಕೆ ಬಂದವನು ಹೊಸದು ಹೊಸದು ಅಂತ ಎಷ್ಟೇ ಆಣೆ ಇಟ್ರೂ ನಿಮ್ಮ ಬೆರಳ ಮುಂದೆ ಅವನ ಆಟ ನಡೀತಿರ್ಲಿಲ್ಲ.

ಗಂಟೆ ಆಯ್ತು. ಬಾಯಿ ತೆಗೀರಿ… ಮೆಲ್ಲಗೆ. ಬಂತು. ನೋಡಿ, ರಕ್ತ ಎಷ್ಟು ಚೆನ್ನಾಗಿ ನಿಂತಿದೆ. ಇನ್ನು ಮಾತಾಡ್ಬಹುದು. ಹಾಲು ತರ್ಲಾ?

ರೀ. ಮಾತಾಡ್ಬಹುದು ಅಂದೆ.

ಚೀಟಿ ಯಾಕೆ? ಎಲ್ಲಾ ಓದಿದೆನಲ್ಲ. ತಗೊಳ್ಳಿ, ನಾನೇನೂ ಬಿಟ್ಟಿಲ್ಲ… ಹಿಂದುಗಡೆ ಖಾಲಿ ರೀ. ಆ ಮೂಲೆ ಯಾಕೆ ಹಂಗೆ ಸವರ್ತೀರಿ? ಬೆಳಕಿಗೆ ಹಿಡೀಬೇಡಿ. ಕೊಡಿ ಇಲ್ಲಿ.

ಪಿನ್ನಿನ ತೂತು ಅಷ್ಟೇ. ಎರಡು ತೂತು. ಬೇರೆ ಯಾರದೋ ಕಾಗದಕ್ಕೆ ಸೇರ್ಸಿ ಹೊಡೆದಿದ್ರೇನೋ…

ಏನಾದ್ರೂ ಅನ್ನಿ. ಬೈರಿ. ಬಾಯಲ್ಲಿ ಹತ್ತಿ ಇಲ್ವಲ್ಲ ಈಗ.

ಮೆಟ್ಟಿಲ ಮೇಲೇ ಕಿತ್ತೆ. ನೀವು ಕೆನ್ನೆ ಹಿಡ್ಕೊಂಡು ಮುಂದೆ ಇಳೀತಿದ್ರಿ. ಉಗುರಲ್ಲಿ ಪಿನ್ನು ಬಿಡ್ಸಿ ಎರಡ್ನೇ ಹಾಳೆ ಮಡ್ಚಿಟ್ಕೊಂಡೆ. ದೊಡ್ಡಾಸ್ಪತ್ರೆಗೆ ಬರ್ದಿರೋ ಕಾಗದ ಅದು. ಹುಣ್ಣಲ್ಲ ರೀ, ಕ್ಯಾನ್ಸರ್ ಅಂತೆ. ಹಲ್ಲು ನಾಲ್ಕೂ ಚೆನ್ನಾಗೇ ಇದ್ವು. ಕೆನ್ನೆಗೆ ಕರೆಂಟು, ಅದೇ ರೇಡಿಯೇಶನ್ನು, ಕೊಡೋ ಮೊದಲು ತೆಗೀಲೇಬೇಕಂತೆ. ಕೊಟ್ರೂ… ಕುತ್ತಿಗೆಗೂ ಇಳಿದಿದೆಯಂತೆ. ಆರು ತಿಂಗಳು ಮೊದಲು ಬಂದಿದ್ರೆ ಅಂದ್ರು ಡಾಕ್ಟರು. ನನ್ನ ಮುಖ ನೋಡಿ ಅಲ್ಲಿಗೇ ನಿಲ್ಸಿದ್ರು.

ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕೇಳೋಕೂ ನಂಗೆ ಮುಖ ಇಲ್ಲ.

ಆ ಡಬ್ಬಿ ಯಾಕೆ ತೆಗೀತೀರಿ? ಹೊಸ ಹತ್ತಿ ಬೇಡ ಈಗ, ರಕ್ತ ನಿಂತಿದೆ. ರೀ… ಯಾಕೆ ಕಚ್ಕೋತೀರಿ ಮತ್ತೆ? ಯಾವ ಮಾತು ಆಚೆ ಬಂದ್ಬಿಡುತ್ತೆ ಅಂತ?

ತೆಗೀರಿ ಅದನ್ನ. ಎರಡು ಸಲ ಕೇಳಿದ್ದೆ ಅಂತಾನಾದ್ರೂ ಅನ್ನಿ.