ಲಾಲಪ್ಪನ ನೀರಿನ ವ್ರತ

ಅದು ನಿಜಾಮರ ಕಾಲ. ಲಿಂಗಸುಗೂರಿನ ದವಾಖಾನೆಯಲ್ಲಿ ಕಾಲು ಮುರಿದು ಮಲಗಿದ್ದ ಲಾಲಪ್ಪ ಅಮರೇಶ್ವರನ ವ್ರತವೆಂದು ಎರಡು ದಿನದಿಂದ ಹನಿ ನೀರು ಮುಟ್ಟಿರಲಿಲ್ಲ. ಪುರಾಣ ಕೇಳುತ್ತ ಬೆಳೆದ ಪಕ್ಕದ ಮಂಚದ ಅಡಿವೆಯ್ಯ ಆ ಭಕ್ತಿಗೆ ಮನದಲ್ಲೇ ಕೈಮುಗಿದು, ನಿನ್ನೆಯಿಂದ ತಾನೂ ನೀರು ಬಿಟ್ಟಿದ್ದ. ಅಷ್ಟರಲ್ಲಿ ಗುರುಗುಂಟಾದಿಂದ ಲಾಲಪ್ಪನ ಅಕ್ಕ ಜೋಗಮ್ಮ ಬಂದಳು.

“ಮೈ ಕೆಂಡ ಆಗೈತಲ್ಲೋ! ನೀರು ಕುಡಿ.”

“ಒಲ್ಲೆ ಅಕ್ಕ, ವ್ರತ ಐತಿ.”

“ಸೋಮವಾರ ಸುದ್ದಾ ಮೂರು ಸಲ ಉಣ್ಣಾಂವ ನೀ. ಖರೇ ಹೇಳಲೇ.”

“ನೀರು ಕುಡದ್ರ ಉಚ್ಚಿ ಬರ್ತೈತಿ.”

“ಬರಲಿ!”

“ಪಾತ್ರಿ ಹಿಡಿಯಾಕಿ ನರ್ಸಮ್ಮ. ನನ್ನ ಮಗಳ ವಯಸ್ಸಿನಾಕಿ ಅದಾಳ. ಹೋರಿ ಕೊಂಬು ಹಿಡಿದಾಂವ ನಾ, ಒಂದು ಪಾತ್ರಿಗೆ ಅಂಜಿ ದೇವರ ಹೆಸರು ಹೇಳಿ ಬಿದ್ದೀನಿ.”

“ಡಾಕ್ಟರ್ ಸಾಹೇಬ್ರು ಏನಂದ್ರು?”

“ಇವತ್ತು ಉಚ್ಚಿ ಆಗ್ಲಿಲ್ಲಂದ್ರ ಉಚ್ಚಿ ತೆಗಿಯಾಕ ನಳಿಗಿ ಹಾಕಸ್ತಾರಂತ.”

“ಹಾಕಾಕಿ ಯಾರು?”

“ಅಕಿನಽ.”

ಜೋಗಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಲಾಲಪ್ಪ ಒಂದೇ ಉಸಿರಿಗೆ ತಂಬಿಗೆ ನೀರು ಕುಡಿದು, ಸ್ವಲ್ಪ ಹೊತ್ತಿಗೆ ಕಣ್ಣು ಗಟ್ಟಿಯಾಗಿ ಮುಚ್ಚಿ ಕೂಗಿದ:

“ತಾಯೀ, ಪಾತ್ರಿ!”

ನರ್ಸಮ್ಮ ಬಂದು ಪರದೆ ಎಳೆದಳು. ಇತ್ತ ಅಡಿವೆಯ್ಯ ಯಾರೂ ನೋಡದಂತೆ ತನ್ನ ತಂಬಿಗೆಗೆ ಕೈ ಚಾಚಿದ.