ತೆಗೆದುಹಾಕಲು ಕಾರಣ

ಹೆಸರು: ಬುಶ್ರಾ ಲಮ್ರಾನಿ. ವಯಸ್ಸು: 47 ವರ್ಷ. ಉದ್ಯೋಗ: ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ವಾಸ: ಕುಂಬಾರರ ಗುಡ್ಡದ ಕೆಳಗಿನ ಬೀದಿ, ಸಾಫಿ ಪಟ್ಟಣ, ಮೊರಾಕೊ.

ಈ ದಿನ ನಾನೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ಮಗಳು ಇಬ್ತಿಸಾಮ್, 23 ವರ್ಷ, ಇವಳೊಂದಿಗೆ ವಾಸವಾಗಿದ್ದೆ. ಗಂಡ ತೀರಿಕೊಂಡಿರುತ್ತಾರೆ. ಹರೆಯದಲ್ಲಿ ನಾನು ಈಟಿ ಎಸೆತದ ಆಟಗಾರ್ತಿಯಾಗಿದ್ದು, 1999ರಲ್ಲಿ ದೇಶದ ಪರವಾಗಿ ಸ್ಪರ್ಧಿಸಿ ಒಂದು ಬೆಳ್ಳಿ ಪದಕ ಪಡೆದಿರುತ್ತೇನೆ. ಆಮೇಲೆ ಭುಜ ಕೈಕೊಟ್ಟಿತು, ಜನ ಮರೆತರು. ನನಗೂ ಅದೇ ಬೇಕಾಗಿತ್ತು.

ಕಳೆದ ಮಾರ್ಚ್ ತಿಂಗಳಲ್ಲಿ, ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶವೊಂದರಲ್ಲಿ ನನ್ನ ಬಗ್ಗೆ ಪುಟ ಬಂದಿರುವುದನ್ನು ಶಾಲೆಯ ಮಕ್ಕಳು ತೋರಿಸಿದರು. ಬರೆದವರು ಹಾರಿಸ್ ಎಂದು ಹೆಸರಿಟ್ಟುಕೊಂಡವರು. ನಿಜವಾದ ಹೆಸರು ಗೊತ್ತಿಲ್ಲ. ನಮ್ಮ ಹೆಣ್ಣು ಆಟಗಾರರನ್ನು ಯಾರೂ ನೆನೆಯುವುದಿಲ್ಲವೆಂದು ಒಬ್ಬೊಬ್ಬರ ಮೇಲೂ ಪುಟ ಬರೆಯುವುದು ಅವರ ಹವ್ಯಾಸವಂತೆ. ಆಗ ನನಗೆ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ.

ಮೇ ತಿಂಗಳಲ್ಲಿ ಅಲ್ಲಿಯ ಇನ್ನೊಬ್ಬರು, ಈ ಹೆಂಗಸು ಅಷ್ಟೇನೂ ಗಣ್ಯಳಲ್ಲ, ಒಂದು ಪದಕಕ್ಕೆ ಒಂದು ಪುಟ ಕೊಟ್ಟರೆ ಊರಿಗೆಲ್ಲ ಕೊಡಬೇಕಾಗುತ್ತದೆ, ಅಳಿಸಿ ಎಂದು ಬರೆದರು. ಹಾರಿಸ್ ಹಟಕ್ಕೆ ಬಿದ್ದು ಹಳೆಯ ಪತ್ರಿಕೆಗಳನ್ನು ಜಾಲಾಡಿ, ನಾನು ಬೆಳೆದ ಅನಾಥಾಲಯದ ಮೇಲ್ವಿಚಾರಕಿ ಯಾವುದೋ ವಾರಪತ್ರಿಕೆಗೆ ಕೊಟ್ಟಿದ್ದ ಸಂದರ್ಶನವನ್ನು ಹುಡುಕಿ ತಂದರು. ಅದರ ಆಧಾರದ ಮೇಲೆ ‘ಬಾಲ್ಯ’ ಎಂಬ ಭಾಗ ಸೇರಿಸಿದರು. ನಾನು ಮಸೀದಿಯ ಮೆಟ್ಟಿಲ ಮೇಲೆ ಸಿಕ್ಕ ಕೂಸು, ತಂದೆ ತಾಯಿ ಯಾರೆಂದು ತಿಳಿಯದು, ಹೆಸರೂ ಮನೆತನವೂ ಸರ್ಕಾರ ಇಟ್ಟದ್ದು ಎಂದು ಅದರಲ್ಲಿತ್ತು. ನಾನು ಗಣ್ಯಳೆಂದು ತೀರ್ಮಾನವಾಯಿತು. ಬರೆದದ್ದೆಲ್ಲ ನಿಜ. ಗಂಡನ ಹೊರತು ಯಾರಿಗೂ ನಾನು ಅದನ್ನು ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಅಂಥ ಕೂಸನ್ನು ಜನ ಏನೆಂದು ಕರೆಯುತ್ತಾರೆಂಬುದು ಈ ಠಾಣೆಯಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಬರೆಸುವುದಿಲ್ಲ.

ಈ ಸೇರ್ಪಡೆಯ ಸುದ್ದಿ ನನಗೆ ತಿಳಿದಿರಲಿಲ್ಲ. ಆಗಸ್ಟ್‌ನಲ್ಲಿ ಇಬ್ತಿಸಾಮ್‌ಳಿಗೆ ಅನ್ವರ್ ಎಂಬ ಹುಡುಗನೊಂದಿಗೆ ನಿಶ್ಚಯವಾಯಿತು. ಗಂಡಿನ ಮನೆಯವರು ಉಂಗುರ, ಮೆಹೆಂದಿ, ನೀಲಿ ಕಾಗದ ಸುತ್ತಿದ ನಾಲ್ಕು ಸಕ್ಕರೆ ಗೋಪುರಗಳನ್ನು ತಂದು ಶಾಸ್ತ್ರ ಮುಗಿಸಿದರು.

ಸೆಪ್ಟೆಂಬರ್ 9ರಂದು ಪುಟ ತೆರೆದಾಗ ‘ಬಾಲ್ಯ’ ಎಂಬ ಆ ಭಾಗ ಕಣ್ಣಿಗೆ ಬಿತ್ತು. ನಾನೇ ಆ ಸಾಲುಗಳನ್ನು ಅಳಿಸಿದೆ. ಹತ್ತು ನಿಮಿಷದಲ್ಲಿ ಮರಳಿ ಬಂದವು. ಮತ್ತೆ ಅಳಿಸಿದಾಗ, ಆಧಾರವಿರುವ ಮಾಹಿತಿ ಅಳಿಸುವ ಕಿಡಿಗೇಡಿ ಎಂದು ನನ್ನನ್ನೇ ತಡೆದರು. ನಾನು ಹಾರಿಸ್‌ಗೆ ಪತ್ರ ಬರೆದೆ. ಅವರು, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲೇ, “ಲಾಲಾ, ನೀವೇ ಬುಶ್ರಾ ಅನ್ನೋದಕ್ಕೆ ಏನು ಆಧಾರ? ನಾನೇ ಅವರು ಅಂತ ದಿನಾ ನಾಲ್ಕು ಜನ ಬರ್ತಾರೆ” ಎಂದು ಕೇಳಿದರು. ಪದಕ ಹಿಡಿದುಕೊಂಡು ಫೋಟೊ ತೆಗೆಸಿ ಕಳಿಸಿದೆ. ಆಗ ಕ್ಷಮೆ ಕೇಳಿ ನನ್ನ ಮೇಲಿನ ತಡೆಯನ್ನು ತೆಗೆಸಿದರು. ಆದರೆ ಅಳಿಸಬೇಕಾದರೆ ಚರ್ಚೆಯ ಪುಟದಲ್ಲಿ ಕಾರಣ ಬರೆಯಬೇಕು, ನೋಡಿದವರು ತೀರ್ಮಾನಿಸುತ್ತಾರೆ, ಅದೇ ಅಲ್ಲಿಯ ಪದ್ಧತಿ ಎಂದು ತಿಳಿಸಿದರು. “ಮನಸ್ಸು ಬಿಚ್ಚಿ ಬರೀರಿ ಲಾಲಾ, ನಮ್ಮವರೇನು ಕಲ್ಲಲ್ಲ” ಎಂದರು.

ನಾನು ಅದನ್ನು ಕಚೇರಿಗೆ ಕೊಡುವ ಅರ್ಜಿಯಂತೆ ತಿಳಿದೆ. ಗುಮಾಸ್ತ ಓದುತ್ತಾನೆ, ಕಡತದಲ್ಲಿ ಇಡುತ್ತಾನೆ, ಕಪಾಟು ಮುಚ್ಚುತ್ತಾನೆ ಎಂದುಕೊಂಡೆ. ಆದ್ದರಿಂದ ಅರ್ಜಿಯಲ್ಲಿ ಬರೆಯುವ ಹಾಗೆ ಪೂರ್ತಿ ಹೆಸರು, ಊರು ಹಾಕಿ, ನನ್ನ ಮಗಳು ಇಬ್ತಿಸಾಮ್‌ಳಿಗೆ ನಿಶ್ಚಯವಾಗಿದೆ, ನನ್ನ ಹುಟ್ಟಿನ ವಿಷಯ ಅವಳಿಗೂ ಗೊತ್ತಿಲ್ಲ, ಗಂಡಿನ ಕಡೆಯವರಿಗೂ ಗೊತ್ತಿಲ್ಲ, ಗೊತ್ತಾದರೆ ಸಂಬಂಧ ಉಳಿಯುವುದಿಲ್ಲ ಎಂದು ಬರೆದೆ. ಅವರು ವಾರವಿಡೀ ವಾದಿಸಿದರು. ಕೆಲವರು ನನ್ನ ಪರವಾಗಿ ಬಹಳ ಮರ್ಯಾದೆಯಿಂದ ಬರೆದರು. ಪುಟ ಉಳಿಯಲಿ, ಆ ಸಾಲುಗಳು ಹೋಗಲಿ ಎಂದಾಯಿತು. ಆ ದಿನ ಸಂತೋಷಕ್ಕೆ ಶಾಲೆಯ ಮಕ್ಕಳಿಗೆ ಎರಡು ಸುತ್ತು ಓಟ ಕಡಿಮೆ ಮಾಡಿದೆ.

ಅಕ್ಟೋಬರ್ 3ರಂದು ಸಂಜೆ ಅನ್ವರನ ತಾಯಿ ಝೂಬೀದಾ ಮನೆಗೆ ಬಂದರು. ಕೂರಲಿಲ್ಲ. ನನ್ನ ಹೆಸರು ಹಾಕಿ ಹುಡುಕಿದರೆ ಮೊದಲು ಸಿಗುವುದು ಆ ಚರ್ಚೆಯ ಪುಟವೇ ಎಂದು ಫೋನಿನಲ್ಲಿ ತೋರಿಸಿದರು. “ನಿಮ್ಮ ಹುಟ್ಟಿಗೆ ನೀವೇನು ಮಾಡ್ತೀರಿ, ಪಾಪ. ಮುಚ್ಚಿಟ್ರಲ್ಲ, ಅದು ಸರಿಯಾ? ನಾಳೆ ಮೊಮ್ಮಕ್ಕಳು ಅಜ್ಜಿ ಯಾರ ಮನೆಯವಳು ಅಂದ್ರೆ ನಾನು ಯಾವ ಬಾಗಿಲು ತೋರಿಸ್ಲಿ?” ಎಂದರು. ಉಂಗುರ ಕೇಳಿ ಪಡೆದರು. ಸಕ್ಕರೆಯನ್ನು ನಾನು ಎತ್ತಿಕೊಡಲು ಹೋದಾಗ, “ಕೊಟ್ಟ ಸಕ್ಕರೆ ಹೊತ್ಕೊಂಡು ಹೋಗೋ ಜನ ಅಲ್ಲ ನಾವು” ಎಂದು ಬಿಟ್ಟು ಹೋದರು. ನನ್ನ ಮಗಳು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

ಅವಳು ಅನ್ವರನ ಹೆಸರನ್ನೇ ಎತ್ತಲಿಲ್ಲ. “ಗುರುತಿಲ್ಲ ಪರಿಚಯ ಇಲ್ಲ, ಅಂಥೋರಿಗೆಲ್ಲ ಬರ್ದು ಹೇಳ್ದೆ. ನನಗೆ ಹೇಳೋಕೆ ನಿನಗೆ ಬಾಯಿ ಬರ್ಲಿಲ್ವಾ ಅಮ್ಮಾ?” ಎಂದಳು. ಮರುದಿನ ಬೆಳಿಗ್ಗೆ ತಂಜಾ ಪಟ್ಟಣದಲ್ಲಿರುವ ಗೆಳತಿಯ ಮನೆಗೆ ಹೊರಟುಹೋದಳು. ಅಂದಿನಿಂದ ಫೋನ್ ಎತ್ತುತ್ತಿಲ್ಲ.

ಚರ್ಚೆಯ ಪುಟವನ್ನೂ ಅಳಿಸಿ ಎಂದು ಹಾರಿಸ್‌ರನ್ನು ಬೇಡಿಕೊಂಡೆ. ತಮಗೆ ನಿದ್ದೆ ಬರುತ್ತಿಲ್ಲವೆಂದು ಬರೆದರು. ಆದರೆ ಚರ್ಚೆಗಳನ್ನು ಉಳಿಸಿಕೊಳ್ಳುವುದೇ ಪದ್ಧತಿ, “ನಾಳೆ ಯಾರಾದ್ರೂ ಆ ಸಾಲು ಯಾಕೆ ತೆಗೆದ್ರಿ ಅಂದ್ರೆ ನಾವೇನು ತೋರಿಸೋದು ಲಾಲಾ?” ಎಂದರು. ಆದ್ದರಿಂದ ಠಾಣೆಗೆ ಬಂದಿರುತ್ತೇನೆ. ಬರೆದದ್ದು ನೀವೇ ಆಗಿರುವಾಗ ಆರೋಪಿ ಎಂದು ಯಾರ ಹೆಸರು ಹಾಕಲಿ ಎಂದು ಇಲ್ಲಿಯ ಸಾಹೇಬರು ಕೇಳಿದರು. ನನಗೂ ಗೊತ್ತಿಲ್ಲ.

ಇನ್ನೊಂದು ವಿಷಯ. ನನ್ನ ಪುಟದ ಕೊನೆಯಲ್ಲಿ, ಇವರಿಗೆ ಒಬ್ಬಳು ಮಗಳಿದ್ದಾಳೆ ಎಂಬ ಸಾಲೊಂದಿತ್ತು. ಇಂದು ಬೆಳಿಗ್ಗೆ ನೋಡಿದಾಗ ಅದನ್ನು ಯಾರೋ ಹೆಸರು ಹಾಕದೆ ತಂಜಾದ ಅಂತರ್ಜಾಲ ವಿಳಾಸದಿಂದ ಅಳಿಸಿದ್ದು, ಕಾರಣದ ಜಾಗದಲ್ಲಿ ‘ಆಧಾರವಿಲ್ಲ’ ಎಂದು ಬರೆದಿರುತ್ತಾರೆ. ಮರಳಿ ಸೇರಿಸಲೇ ಎಂದು ಹಾರಿಸ್ ಕೇಳಿದರು. ಬೇಡವೆಂದೆ.

ಚರ್ಚೆಯ ಪುಟವನ್ನು ತೆಗೆಸಿಕೊಡಬೇಕೆಂದು ಕೋರುತ್ತೇನೆ. ಆ ಕೊನೆಯ ಸಾಲು ಅಳಿಸಿದವರ ಮೇಲೆ ನನ್ನ ದೂರಿಲ್ಲ. ಅವರನ್ನು ಹುಡುಕುವುದು ಬೇಡ.

ಬರೆದುಕೊಂಡದ್ದನ್ನು ನನಗೆ ಓದಿ ಕೇಳಿಸಿದರು. ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಸಾಫಿ
ದಿನಾಂಕ: 21 ಅಕ್ಟೋಬರ್ 2024
(ಸಹಿ) ಬುಶ್ರಾ ಲಮ್ರಾನಿ