ಬಂಕರಿನ ಹೊಸ್ತಿಲಲ್ಲಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ರೂರ್ ಸೀಮೆಯ ಈ ನೆಲದಡಿಯ ಬಂಕರನ್ನು ಕಟ್ಟಿದವರು ಪೋಲೆಂಡಿನಿಂದ ಹಿಡಿದು ತಂದ ಆಳುಗಳು. ಬಾಂಬು ಬಿದ್ದಾಗ ಅವರನ್ನು ಒಳಗೆ ಬಿಡಲಿಲ್ಲ.

ಈಗ ಅದು ಮ್ಯೂಸಿಯಂ. ಗೈಡ್ ಹೋಲ್ಗರ್ ಬಂದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿದ್ದ. ಒಬ್ಬ ಮುದುಕಿ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ನೋಡಲು ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ ಉಲ್ರಿಕೆಗೆ ಅವರಿಬ್ಬರ ಮಾತು ಕೇಳಿಸುತ್ತಿತ್ತು.

“ಒಳಗೆ ಬನ್ನಿ ಅಜ್ಜಿ. ಬಾಗ್ಲು ಹಾಕಿ ಸೈರನ್ ಕೂಗಿಸ್ಬೇಕು.”

“ಯಾಕಪ್ಪಾ?”

“ಆಗ ಹೇಗಿತ್ತು ಅಂತ ಜನಕ್ಕೆ ಗೊತ್ತಾಗ್ಲಿ ಅಂತ.”

“ಆಗ ನಮ್ಮಪ್ಪ ಈ ಬಾಗ್ಲಾಚೆ ಇದ್ದ. ಬಡಿದೂ ಬಡಿದೂ ಸತ್ತ. ಅದನ್ನ ಹೇಳ್ತೀಯಾ?”

“ನಂಗೆ ಕೊಟ್ಟಿರೋ ಪಾಠದಲ್ಲಿ ಅದಿಲ್ಲ ಅಜ್ಜಿ.”

“ಗೋಡೆ ಕಟ್ಟೋಕೆ ಬೇಕಾಗಿದ್ದ, ನಿನ್ನ ಪಾಠಕ್ಕೆ ಬೇಡವಾದ್ನಾ?”

“ಎಲ್ರೂ ಕಾಯ್ತಿದಾರೆ. ದಯವಿಟ್ಟು ಒಳಗೆ ಬನ್ನಿ.”

ಮುದುಕಿ ಕೋಲನ್ನು ಹೊಸ್ತಿಲಿಗೆ ಊರಿದಳು.

“ಕದಲಲ್ಲ. ಹಾಕೋದಾದ್ರೆ ನನ್ನ ಮೈಮೇಲೇ ಹಾಕು.”